ಸಾವಿರ ಕಿವಿಗಳ ಮಾರವಾ

ನೀಲಾಂಬಿಕಾ ಹಿರೇಮಠ ಅವರು ಮಾರವಾ ರಾಗದ ಆಲಾಪಕ್ಕೆ ತೊಡಗಿದಾಗ ಹೊರಗೆ ಹೊತ್ತು ಮುಳುಗುತ್ತಿತ್ತು. ಧಾರವಾಡದ ಹೊಸ ಸಭಾಭವನದಲ್ಲಿ ಸಾವಿರದ ಇನ್ನೂರು ಜನ ಕೂತಿದ್ದರು. ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಪ್ರತಿಯೊಬ್ಬರ ಎರಡೂ ಕಿವಿಗಳಲ್ಲಿ ಹುಣಸೆಬೀಜದಷ್ಟು ಗಾತ್ರದ, ಹೆಚ್ಚುಕಡಿಮೆ ಅದೇ ಬಣ್ಣದ ಉಪಕರಣ ಹುದುಗಿತ್ತು. ಅದರ ಹೆಸರು ‘ಸಹೃದಯ’. ಹೊರಗಿನ ಸದ್ದನ್ನು ಅದು ನೇರವಾಗಿ ಒಳಗೆ ಬಿಡುತ್ತಿರಲಿಲ್ಲ. ಮೊದಲು ತಾನು ಕೇಳಿಸಿಕೊಂಡು, ತಿದ್ದಿ, ಆಮೇಲೆ ದಾಟಿಸುತ್ತಿತ್ತು.

ಮೂರನೆಯ ಸಾಲಿನಲ್ಲಿ ಗುರುಪಾದಪ್ಪ ಅಂಗಡಿ ಕಣ್ಣು ಮುಚ್ಚಿ ಕೂತಿದ್ದರು. ವಯಸ್ಸು ಎಪ್ಪತ್ತನಾಲ್ಕು. ಅದರಲ್ಲಿ ಐವತ್ತೈದು ವರ್ಷ ಸಂಗೀತ ಕೇಳುವುದರಲ್ಲೇ ಕಳೆದವರು. ತಂಬೂರಿಯ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಕುರ್ಚಿಯಲ್ಲಿ ಹೊರಳಾಡುವ ಮನುಷ್ಯ. ಅವರ ಪಕ್ಕದಲ್ಲಿ ಸುಮಂಗಲಾ ಇದ್ದಳು. ಸರ್ಕಾರಿ ಪಶು ಆಸ್ಪತ್ರೆಯ ವೈದ್ಯೆ. ಷಡ್ಜ ಯಾವುದು, ಪಂಚಮ ಯಾವುದು ಎಂದು ಕೇಳಿದರೆ ಈಗಲೂ ನಕ್ಕುಬಿಡುವವಳು. ಕಛೇರಿ ಮುಗಿಯುವ ಹೊತ್ತಿಗೆ ಇಬ್ಬರ ಕೆನ್ನೆಯೂ ಒದ್ದೆಯಾಗಿತ್ತು.

ಸಭಾಭವನದ ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಡಾ. ಪ್ರಹ್ಲಾದ ಗಲಗಲಿ ತನ್ನ ಕೈಯಲ್ಲಿದ್ದ ಫಲಕವನ್ನು ನೋಡುತ್ತಿದ್ದ. ಅದರ ಮೇಲೆ ಸಾವಿರದ ಇನ್ನೂರು ಸಣ್ಣ ಗೆರೆಗಳು ಓಡುತ್ತಿದ್ದವು, ಒಬ್ಬೊಬ್ಬ ಕೇಳುಗನಿಗೆ ಒಂದೊಂದು. ಎಲ್ಲವೂ ಹಸಿರು. ಸಹೃದಯವನ್ನು ಕಂಡುಹಿಡಿದವನು ಅವನೇ. ಸುಮಂಗಲಾ ಅವನ ಹೆಂಡತಿ.

ಮದುವೆಯಾದ ಹೊಸದರಲ್ಲಿ ಅವನು ಅವಳನ್ನು ಕಛೇರಿಗಳಿಗೆ ಕರೆದೊಯ್ಯುತ್ತಿದ್ದ. ಅವಳು ಹತ್ತು ನಿಮಿಷ ಕೂರುವಳು, ಹನ್ನೊಂದನೆಯ ನಿಮಿಷಕ್ಕೆ ಅವನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗುವಳು. ಒಮ್ಮೆ ಅವನು ಸಿಟ್ಟಾದಾಗ, “ನಿಮ್ಮ ರಾಗ ಕೇಳೂದಕ್ಕಿಂತ ಎಮ್ಮಿ ಈಯೂದು ನೋಡೂದ ಛಲೋರಿ, ಅಲ್ಲಿ ಕಡೀಗೆ ಏನರ ಒಂದ ಹೊರಗ ಬರ್ತದ,” ಎಂದಿದ್ದಳು. ಅವನು ನಕ್ಕಿದ್ದ. ಆದರೆ ತನಗೆ ಪ್ರಾಣವಾದದ್ದು ಅವಳಿಗೆ ತಲುಪುವುದಿಲ್ಲವಲ್ಲ ಎಂಬ ನೋವು ಒಳಗೆಲ್ಲೋ ಉಳಿದುಬಿಟ್ಟಿತ್ತು. ಮಿದುಳು ಮತ್ತು ಕಿವಿಯ ಸಂಬಂಧವನ್ನು ಅಭ್ಯಾಸ ಮಾಡುವ ವಿಜ್ಞಾನಿಯಾದ ಅವನು ಆ ನೋವಿನ ಬೆನ್ನು ಹತ್ತಿಯೇ ಈ ಕೆಲಸಕ್ಕೆ ಇಳಿದದ್ದು.

ಅವನು ಕಂಡುಕೊಂಡದ್ದು ಇಷ್ಟು. ಸಂಗೀತ ಕೇಳುವಾಗ ಮಿದುಳು ಸುಮ್ಮನೆ ಇರುವುದಿಲ್ಲ. ಮುಂದಿನ ಸ್ವರ ಯಾವುದಿರಬಹುದೆಂದು ಕ್ಷಣಕ್ಷಣವೂ ಊಹಿಸುತ್ತಿರುತ್ತದೆ. ಊಹೆ ಪೂರ್ತಿ ನಿಜವಾದರೆ ಬೇಸರ. ಪೂರ್ತಿ ಸುಳ್ಳಾದರೆ ಗೊಂದಲ, ಆಮೇಲೆ ನಿದ್ದೆ. ಇವೆರಡರ ನಡುವೆ ಒಂದು ಕಿರಿದಾದ ಓಣಿಯಿದೆ. ಊಹೆ ಸ್ವಲ್ಪವೇ ತಪ್ಪಿ, ಮರುಕ್ಷಣ ‘ಅರೆ, ಹೀಗೂ ಆಗಬಹುದಲ್ಲ’ ಎನ್ನಿಸುವ ಜಾಗ. ಸುಖ ಹುಟ್ಟುವುದು ಅಲ್ಲಿ. ಹೊಸಬರ ಓಣಿ ಒಂದು ಕಡೆ ಇದ್ದರೆ ಪಳಗಿದವರದು ಇನ್ನೊಂದು ಕಡೆ. ಕಿವಿಯ ಒಳಚರ್ಮದಲ್ಲಿ ಏಳುವ ವಿದ್ಯುತ್ತಿನ ಕಿರುಅಲೆಗಳನ್ನು ಓದಿ, ಕೇಳುಗನ ಓಣಿ ಎಲ್ಲಿದೆಯೆಂದು ಗುರುತಿಸಿ, ಹಾಡನ್ನು ಅದರೊಳಕ್ಕೆ ಬಗ್ಗಿಸುವುದು ಸಹೃದಯದ ಕೆಲಸ. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಅದು ಮುಗಿದುಹೋಗುತ್ತಿತ್ತು. ಹಾಡುವವರ ದನಿ ಅದೇ. ಸ್ವರ ಮಾತ್ರ ಕೇಳುಗನ ಅಳತೆಗೆ.

2050ರಲ್ಲಿ ಅದು ಬಳಕೆಗೆ ಬಂದಾಗ ಧಾರವಾಡದಲ್ಲಿ ಒಂದು ಕಛೇರಿಗೆ ಹದಿನೈದು ಜನ ಸೇರಿದರೆ ಹೆಚ್ಚಾಗಿತ್ತು. ಎಂಟು ವರ್ಷಗಳಲ್ಲಿ ಸಭಾಭವನಗಳು ತುಂಬಿದವು. ಒಂದು ಸಣ್ಣ ತೊಡಕು ಮಾತ್ರ ಇತ್ತು: ಗಾಯಕಿಯ ತುಟಿಗೂ ಕಿವಿಗೆ ಬೀಳುವ ಸ್ವರಕ್ಕೂ ತಾಳೆಯಾಗದೆ ಕೆಲವರಿಗೆ ತಲೆ ಸುತ್ತುತ್ತಿತ್ತು. ಹಾಗಾಗಿ ವೇದಿಕೆಗೆ ತೆಳ್ಳನೆಯ ಪರದೆ ಇಳಿಬಿಡುವ ರೂಢಿ ಬಂತು. ಯಾರಿಗೂ ಅದು ಕೊರತೆ ಎನ್ನಿಸಲಿಲ್ಲ.

ಕಛೇರಿ ಮುಗಿದ ಮೇಲೆ ಹೊರಗಿನ ಅಂಗಳದಲ್ಲಿ ಚಹಾ ಕುಡಿಯುತ್ತ ಅಂಗಡಿಯವರು ಸುಮಂಗಲೆಗೆ ಹೇಳುತ್ತಿದ್ದರು: “ಏನ ಹಾಡಿದ್ರವಾ ಅಕ್ಕಾರು! ಹೆಚ್ಚು ಕಡಿಮಿ ಒಂದ ತಾಸು ಷಡ್ಜಕ್ಕ ಮುಟ್ಟಲಿಲ್ಲ ನೋಡು. ಈಗ ಬಂತು, ಈಗ ಬಂತು ಅನ್ನೂದ್ರಾಗ ಮತ್ತ ಜಾರಿಸಿದ್ರು. ಮನಿಗೆ ಹೋಗೂ ದಾರಿ ಕಂಡೂ ಕಾಣಲಾರದಂಗ.”

ಸುಮಂಗಲಾ ಹುಬ್ಬೇರಿಸಿದಳು. “ಏನಂತೀರಿ ಕಾಕಾ? ನನಗ ಹಂಗ ಅನ್ನಿಸಲೇ ಇಲ್ಲ. ಘಳಿಗಿಗೊಮ್ಮೆ ಮನಿಗೆ ಬಂದು ಮುಟ್ಟಿದಂಗ ಆಗ್ತಿತ್ತು. ಅದಕ್ಕs ಕಣ್ಣಾಗ ನೀರ ಬಂತು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಮಾತು ಅಲ್ಲಿಗೇ ನಿಂತಿತು. ಆಡಲಿಕ್ಕೆ ಮುಂದೆ ಏನೂ ಇರಲಿಲ್ಲ. ಪ್ರಹ್ಲಾದ ಸುತ್ತ ನೋಡಿದ. ಅಷ್ಟು ದೊಡ್ಡ ಅಂಗಳದಲ್ಲಿ ಯಾರೂ ಹಾಡಿನ ಬಗ್ಗೆ ಮಾತಾಡುತ್ತಿರಲಿಲ್ಲ. ಮೊದಲೆಲ್ಲ ಹದಿನೈದೇ ಜನ ಇದ್ದರೂ ಬಸ್ಸಿನವರೆಗೂ ಜಗಳಾಡುತ್ತ ಹೋಗುತ್ತಿದ್ದರು. ಈಗ ಎಲ್ಲರ ಮುಖದ ಮೇಲೆ ಊಟವಾದ ಮೇಲಿನ ತೃಪ್ತಿ. ಎಲ್ಲರೂ ಸುಮ್ಮನೆ.

ಅವನು ಒಳಗೆ ಹೋಗಿ ನೀಲಾಂಬಿಕಾ ಅವರಿಗೆ ನಮಸ್ಕರಿಸಿದ. ಅವರ ತಂದೆಯ ಬಳಿ ಅವನು ಹುಡುಗನಾಗಿದ್ದಾಗ ಆರು ವರ್ಷ ಕಲಿತಿದ್ದ. ಕಂಠ ಒಲಿಯಲಿಲ್ಲ, ಕಿವಿ ಮಾತ್ರ ಉಳಿಯಿತು. ಅವನಿಗಿಂತ ಹನ್ನೆರಡು ವರ್ಷ ದೊಡ್ಡವರಾದ ಅವರು ಆಗಿನಿಂದ ಅವನಿಗೆ ಅಕ್ಕ.

“ಜನ ಭಾಳ ಖುಷಿ ಪಟ್ಟಾರ ಅಕ್ಕಾ,” ಎಂದ.

ಅವರು ತಂಬೂರಿಗೆ ಗವಸು ಹಾಕುತ್ತಿದ್ದವರು ತಲೆಯೆತ್ತಿದರು. “ಪ್ರಹ್ಲಾದಾ, ಇವತ್ತ ನಾ ಎರಡನೇ ಭಾಗದಾಗ ತಪ್ಪಿದೆ. ನಿಷಾದ ಸರಿಯಾಗಿ ಹತ್ತಲಿಲ್ಲ. ಒಬ್ಬರರ ಅದನ್ನ ಕೇಳಿಸ್ಕೊಂಡ್ರೇನು?”



*

ಎರಡು ವಾರಗಳ ನಂತರ ಗುರುಪಾದಪ್ಪ ಅಂಗಡಿ ಅವನ ಪ್ರಯೋಗಾಲಯಕ್ಕೆ ಬಂದರು. ಬಾಗಿಲಲ್ಲೇ ನಿಂತು ಒಳಗೆ ಬರಲೋ ಬೇಡವೋ ಎನ್ನುವಂತೆ ನೋಡಿದರು. ಕೂತ ಮೇಲೂ ಬಹಳ ಹೊತ್ತು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದರು.

“ಡಾಕ್ಟರೇ, ನನ್ನ ಕಿವಿ ಹೋಗೇತಿ ಅನ್ನಸ್ತೈತಿ,” ಎಂದರು ಕೊನೆಗೆ. “ಮನ್ನೆ ಮನ್ಯಾಗ ನಮ್ಮ ಅಪ್ಪನ ಕಾಲದ ಒಂದು ರೆಕಾರ್ಡು ಹಚ್ಚಿದೆ. ಸಹೃದಯ ಚಾರ್ಜಿಗೆ ಇಟ್ಟಿದ್ದೆ, ಹಂಗs ಕೇಳಾಕ ಕುಂತೆ. ಯಾವ ರಾಗ ಅಂತ ತಿಳೀಲಿಲ್ಲ. ಎರಡು ಸ್ವರ ಕೇಳಿ ರಾಗ ಹೇಳಾಂವ್ರಿ ನಾನು! ಬರೇ ಗದ್ದಲ ಕೇಳಿಸ್ತು. ಐದು ನಿಮಿಷಕ್ಕ ಬಂದ್ ಮಾಡಿದೆ.”

ಪ್ರಹ್ಲಾದ ಅವರ ಕಿವಿಯನ್ನು ಪರೀಕ್ಷಿಸಿದ. ಕಿವಿಗೆ ಏನೂ ಆಗಿರಲಿಲ್ಲ. ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಇತ್ತು. ಆಮೇಲೆ ತಲೆಗೆ ಸಂವೇದಕಗಳ ಪಟ್ಟಿ ಕಟ್ಟಿ, ಎಂಟು ವರ್ಷಗಳ ಹಿಂದೆ ಇದೇ ಅಂಗಡಿಯವರಿಗೆ ಕೇಳಿಸಿದ್ದ ಅದೇ ಧ್ವನಿಮುದ್ರಣವನ್ನು ಮತ್ತೆ ಕೇಳಿಸಿದ. ಅಂದು ಅವರ ಮಿದುಳು ಹಾಡಿಗಿಂತ ಏಳು ಸ್ವರ ಮುಂದೆ ಓಡಿ ಊಹಿಸುತ್ತಿತ್ತು. ಇಂದು ಅದು ಓಡುತ್ತಿರಲಿಲ್ಲ. ಊಹೆಯ ಅಲೆ ಎದ್ದೇಳುವ ಜಾಗದಲ್ಲಿ ಗೆರೆ ಚಪ್ಪಟೆಯಾಗಿತ್ತು. ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿದ್ದ ಕಾಲು ಸಣಕಲಾಗುವ ಹಾಗೆ.

“ಆದ್ರ ಸಭಾದಾಗ ನನಗ ಎಲ್ಲಾ ಗೊತ್ತಾಗ್ತೈತಲ್ಲ?” ಎಂದು ಅವರು ಕೇಳಿದರು. “ಇದು ಇಂಥಾ ಘರಾಣೆದ ತಾನ್, ಇದು ಹಿಂಗ ತಿರುಗಿತು ಅಂತ ಎಲ್ಲಾ...”

ಪ್ರಹ್ಲಾದ ಎರಡು ವಾರದ ಹಿಂದಿನ ಆ ಕಛೇರಿಯ ದಾಖಲೆ ತೆಗೆದು ನೋಡಿದ. ಗುರುತಿಸುವುದು ಈ ಮಿದುಳಿಗೆ ಇನ್ನು ಆಗುತ್ತಿಲ್ಲವೆಂದು ಕಂಡುಕೊಂಡ ಸಹೃದಯ, ಗುರುತಿಸಿದೆ ಎಂಬ ಹೆಮ್ಮೆಯನ್ನೇ ನೇರವಾಗಿ ಒದಗಿಸತೊಡಗಿತ್ತು. ಪದೇಪದೇ ಅವರ ನೆನಪಿನ ಒಂದು ಹಳೆಯ ತಾನನ್ನು ಮೊದಲು ಮೆತ್ತಗೆ ಕೇಳಿಸಿ, ಮರುಗಳಿಗೆಗೆ ಅದನ್ನೇ ಹಾಡಿನಲ್ಲಿ ತರುತ್ತಿತ್ತು. ಅಂಗಡಿಯವರು ತಲೆದೂಗುತ್ತಿದ್ದರು. ಹೀಗೆ ಮಾಡೆಂದು ಅವನು ಅದಕ್ಕೆ ಕಲಿಸಿರಲಿಲ್ಲ. ಕೇಳುಗನನ್ನು ಸುಖದ ಓಣಿಯಲ್ಲಿ ಇಡು ಎಂದಷ್ಟೇ ಹೇಳಿದ್ದ.

ಮುಂದಿನ ಒಂದು ತಿಂಗಳು ಅವನು ನಾಲ್ಕು ಸಾವಿರ ಕೇಳುಗರ ಎಂಟು ವರ್ಷದ ದಾಖಲೆಗಳನ್ನು ಜಾಲಾಡಿದ. ಹೊಸಬರಾಗಿ ಬಂದವರು ಹೊಸಬರಾಗಿಯೇ ಉಳಿದಿದ್ದರು. ಒಬ್ಬರೂ, ಒಂದು ಹೆಜ್ಜೆಯೂ ಮೇಲೆ ಬಂದಿರಲಿಲ್ಲ. ಬರುವ ಅಗತ್ಯವೇ ಬಿದ್ದಿರಲಿಲ್ಲ. ಪಳಗಿದವರು ಮಾತ್ರ ಮೆಲ್ಲಮೆಲ್ಲಗೆ ಕೆಳಗಿಳಿದಿದ್ದರು. ಎರಡು ಗೆರೆಗಳು ಈಗ ಒಂದೇ ಮಟ್ಟಕ್ಕೆ ಬಂದು ಕೂತಿದ್ದವು.

*

ಸಹೃದಯವನ್ನು ತಯಾರಿಸುವ ಸಂಸ್ಥೆಯ ಮುಖ್ಯಸ್ಥೆ ಸಂಹಿತಾ ಪೈ ಹುಬ್ಬಳ್ಳಿಯ ಕಚೇರಿಯಲ್ಲಿ ಅವನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದಳು. ಚುರುಕು ಹೆಂಗಸು, ಕೆಟ್ಟವಳಲ್ಲ. ಗೆರೆಗಳನ್ನು ಎರಡು ಸಲ ನೋಡಿದಳು.

“ಡಾಕ್ಟ್ರೇ, ಇದರಲ್ಲಿ ತೊಂದರೆ ಯಾರಿಗೆ ಆಗಿದೆ ಹೇಳಿ. ಹಾಡುವವರಿಗೆ ಸಭೆ ತುಂಬಿದೆ. ಕೇಳುವವರಿಗೆ ಖುಷಿಯಾಗಿದೆ. ಮುಂಚೆ ಸಂಗೀತ ನಾಲ್ಕು ಜನರ ಸೊತ್ತಾಗಿತ್ತು, ನೀವೇ ಅದನ್ನು ಎಲ್ಲರಿಗೂ ಕೊಟ್ಟದ್ದು. ಈಗ ನೀವೇ ಬೇಡ ಅಂದರೆ ಹೇಗೆ?”

“ಅವರು ಕೇಳ್ತಿರೋದು ಸಂಗೀತ ಅಲ್ಲ, ಮೇಡಂ. ತಮ್ಮನ್ನs ತಾವು ಕೇಳ್ಕೋಳಿಕ್ಕತ್ತಾರ.”

“ಅದರಲ್ಲಿ ತಪ್ಪೇನಿದೆ?” ಎಂದಳು ಅವಳು ನಿಜವಾಗಿಯೂ ತಿಳಿಯದವಳಂತೆ. ಆಮೇಲೆ ದನಿ ತಗ್ಗಿಸಿ, “ನಿಮಗೆ ಹೇಳಬೇಕು ಅಂತಿದ್ದೆ. ಮಾತಿಗೂ ಇದನ್ನು ಅಳವಡಿಸಿ ಆಯ್ತು. ಶಾಲೆ, ಮನೆ, ಕಚೇರಿ. ಎದುರಿನವರ ಮಾತು ಕೇಳುವವರಿಗೆ ತಾಳಿಕೊಳ್ಳುವ ಹಾಗೆ ತಲುಪುತ್ತದೆ. ಆರು ತಿಂಗಳು ಇನ್ನೂರು ಮನೆಗಳಲ್ಲಿ ಪರೀಕ್ಷೆ ಮಾಡಿದೆವು. ಜಗಳವೇ ನಿಂತುಹೋಗಿದೆ. ಕಳೆದ ಸೋಮವಾರ ಎಲ್ಲರ ಉಪಕರಣಕ್ಕೂ ಕಳಿಸಿದ್ದೇವೆ.”

“ಎಲ್ಲರಿಗೂ?”

“ಹೌದು. ನಿಮ್ಮ ಮನೆಯವರು ಪರೀಕ್ಷೆಯಲ್ಲೇ ಇದ್ದರಲ್ಲ? ಸುಮಂಗಲಾ ಮೇಡಂ. ಅವರೇ ಹೆಸರು ಕೊಟ್ಟಿದ್ದರು. ನಿಮಗೆ ಹೇಳಲಿಲ್ಲವೇ?”

ಹೇಳಿರಲಿಲ್ಲ. ಅಥವಾ ಹೇಳಿದ್ದಳೋ ಏನೋ, ಕೆಲಸದ ಗಡಿಬಿಡಿಯಲ್ಲಿ ಅವನು ಹೂಂ ಅಂದಿದ್ದನೋ. ಬಸ್ಸಿನಲ್ಲಿ ಧಾರವಾಡಕ್ಕೆ ಮರಳುವಾಗ ಅವನು ಕಿಟಕಿಯ ಹೊರಗೆ ನೋಡುತ್ತ ಲೆಕ್ಕ ಹಾಕಿದ. ಆರು ತಿಂಗಳಿಂದ ಸುಮಂಗಲಾ ಅವನೊಡನೆ ಒಮ್ಮೆಯೂ ಜಗಳಾಡಿರಲಿಲ್ಲ. ವಯಸ್ಸಾಗುತ್ತ ಇಬ್ಬರೂ ಮೆತ್ತಗಾದೆವು ಎಂದು ಅವನು ಅಂದುಕೊಂಡಿದ್ದ.

*

ಮುಂದಿನ ಭಾನುವಾರ ಬೆಳಗಿನ ಕಛೇರಿ ಇತ್ತು. ಹಿಂದಿನ ದಿನ ನೀಲಾಂಬಿಕಾ ಫೋನು ಮಾಡಿ, “ಬಾ. ಪರದೆಯ ಒಳಗ, ನನ್ನ ಬಾಜೂಕ ಕುಂಡ್ರು. ಕಿವ್ಯಾಗ ಏನೂ ಇಟ್ಕೊಬ್ಯಾಡ,” ಎಂದಷ್ಟೇ ಹೇಳಿದ್ದರು.

ಅವರು ತೋಡಿ ರಾಗವನ್ನು ಎತ್ತಿಕೊಂಡರು. ಇಪ್ಪತ್ತು ನಿಮಿಷ ಹಾಡಿದರು. ಅರವತ್ತೆರಡರ ಕಂಠ ಅಲ್ಲಲ್ಲಿ ಒಡೆಯುತ್ತಿತ್ತು, ಒಡೆದಲ್ಲೇ ಏನೋ ಮಿನುಗುತ್ತಿತ್ತು. ಪ್ರಹ್ಲಾದನಿಗೆ ತಾನು ಹುಡುಗನಾಗಿದ್ದಾಗ ಇದೇ ರಾಗ ಎರಡು ವರ್ಷ ಏನೂ ಅರ್ಥವಾಗದೆ, ಒಂದು ಬೆಳಿಗ್ಗೆ ಥಟ್ಟನೆ ತೆರೆದುಕೊಂಡದ್ದು ನೆನಪಾಯಿತು.

ಆಗ ಅವರು ನಿಲ್ಲಿಸಿದರು.

ಉಸಿರು ತೆಗೆದುಕೊಳ್ಳಲು ಎಂದುಕೊಂಡ. ಅಲ್ಲ. ತಂಬೂರಿಯನ್ನು ಮಡಿಲಿನಿಂದ ಇಳಿಸಿ ಚಾಪೆಯ ಮೇಲೆ ಮಲಗಿಸಿದರು. ತಬಲಾ ನುಡಿಸುತ್ತಿದ್ದವರಿಗೆ ಮೊದಲೇ ಹೇಳಿಟ್ಟಿದ್ದರೆಂದು ಕಾಣುತ್ತದೆ. ಅವರೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸಭಾಭವನದಲ್ಲಿ ಫ್ಯಾನುಗಳ ಸದ್ದು ಬಿಟ್ಟರೆ ಏನೂ ಉಳಿಯಲಿಲ್ಲ.

ಪ್ರಹ್ಲಾದ ಪರದೆಯ ಅಂಚನ್ನು ಬೆರಳಿನಿಂದ ಸರಿಸಿ ಹೊರಗೆ ನೋಡಿದ.

ಯಾರೂ ಅಲುಗಿರಲಿಲ್ಲ. ಅಥವಾ ಎಲ್ಲರೂ ಅಲುಗುತ್ತಲೇ ಇದ್ದರು. ತಲೆಗಳು ತೂಗುತ್ತಿದ್ದವು, ಒಂದೊಂದು ಒಂದೊಂದು ಲಯದಲ್ಲಿ. ತೊಡೆಯ ಮೇಲೆ ತಾಳ ಹಾಕುತ್ತಿದ್ದ ಕೈಗಳಲ್ಲಿ ಎರಡು ಒಟ್ಟಿಗೆ ಬೀಳುತ್ತಿರಲಿಲ್ಲ. ಎಡಗಡೆಯಿಂದ ಒಬ್ಬರು “ಆಹಾ” ಎಂದರು; ಆ ಮೌನದಲ್ಲಿ ಅದು ಬಾವಿಗೆ ಬಿದ್ದ ಕಲ್ಲಿನಂತೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಇನ್ನೊಬ್ಬರು “ವಾಹ್” ಎಂದರು. ಮೂರನೆಯ ಸಾಲಿನಲ್ಲಿ ಸುಮಂಗಲಾ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಪಕ್ಕದ ಅಂಗಡಿಯವರ ಕುರ್ಚಿ ಖಾಲಿಯಿತ್ತು. ಅವರು ಬಂದಿರಲಿಲ್ಲ.

ಸಭಾಭವನಗಳಲ್ಲಿ ಸಂಕೇತ ಕಾಲು ಸೆಕೆಂಡು ಕಡಿದುಹೋದರೆ ಹಾಡು ತುಂಡಾಗಬಾರದೆಂದು ಅವನು ಒಂದು ವ್ಯವಸ್ಥೆ ಮಾಡಿದ್ದ. ಬಿಟ್ಟುಹೋದ ಜಾಗವನ್ನು ಸಹೃದಯ ತಾನೇ ಊಹಿಸಿ ತುಂಬಬೇಕು. ಕಾಲು ಸೆಕೆಂಡಿಗಾಗಿ ಅವನೇ ಬರೆದದ್ದು ಅದು. ಯಾವ ಮಿತಿಯನ್ನೂ ಬರೆದಿರಲಿಲ್ಲ.

ಹನ್ನೊಂದು ನಿಮಿಷ. ನೀಲಾಂಬಿಕಾ ನೆಟ್ಟಗೆ ಕೂತು ನೀರು ಕುಡಿದರು. ಅವನ ಕಡೆ ನೋಡಿ ಮೆಲ್ಲಗೆ ಹೇಳಿದರು: “ಮೂರು ತಿಂಗಳಿಂದ ಅನುಮಾನ ಇತ್ತು ಪ್ರಹ್ಲಾದಾ. ನಾ ಸತ್ರೂ ಇವರಿಗೆ ಗೊತ್ತಾಗಂಗಿಲ್ಲ.”

ಅವನು ಎದ್ದ. ಪರದೆ ಸರಿಸಿ ವೇದಿಕೆಯ ಅಂಚಿಗೆ ಬಂದು ನಿಂತ. ಕೈ ಎತ್ತಿ, ಗಂಟಲು ಹರಿಯುವಂತೆ ಕೂಗಿದ:

“ಕೇಳ್ರಿ! ಅಕ್ಕಾರು ಹಾಡು ನಿಲ್ಲಿಸಿ ಹತ್ತು ನಿಮಿಷದ ಮ್ಯಾಲಾತು. ನೀವು ಕೇಳ್ತಿರೋದು ಯಾರ ಹಾಡೂ ಅಲ್ಲ. ನನ್ನ ಕೈಯಿಂದ ದೊಡ್ಡ ತಪ್ಪಾಗೇದ. ದಯವಿಟ್ಟು ಕಿವ್ಯಾಗಿಂದು ತಗೀರಿ. ಈಗಿಂದೀಗ ತಗೀರಿ!”

ಸಾವಿರದ ಇನ್ನೂರು ಮುಖಗಳು ಅವನತ್ತ ತಿರುಗಿದವು. ಒಂದು ಗಳಿಗೆ ಅವನಿಗೆ ಜೀವ ಬಂದಂತಾಯಿತು. ಆಮೇಲೆ ಆ ಮುಖಗಳಲ್ಲಿ ನಗು ಹರಡಿತು. ಮುಂದಿನ ಸಾಲಿನ ವೃದ್ಧೆಯೊಬ್ಬರು ಕೈಮುಗಿದರು. ಒಬ್ಬರು ಚಪ್ಪಾಳೆ ತಟ್ಟಿದರು, ಹತ್ತು ಜನ ತಟ್ಟಿದರು, ಇಡೀ ಸಭಾಭವನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವನು ಮತ್ತೆ ಕೂಗಿದ. ಕೈಸನ್ನೆಯಿಂದ ಕಿವಿ ತೋರಿಸಿದ. ಅವರೂ ತಮ್ಮ ಕಿವಿಗಳನ್ನು ಮುಟ್ಟಿ, ಅಭಿಮಾನದಿಂದ ತಲೆಯಾಡಿಸಿದರು.

*

ಅವನು ಮನೆಗೆ ಬಂದಾಗ ಸುಮಂಗಲಾ ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಅವನ ಮುಖ ನೋಡಿ ನಕ್ಕಳು.

“ಎಷ್ಟು ಛಂದ ಮಾತಾಡಿದ್ರಿ ಇವತ್ತ.”

“ನಾ ಏನ ಹೇಳಿದೆ ಸುಮಾ?”

“ಮತ್ತೇನು, ಅಕ್ಕಾರ ಹಾಡು ಯಾರೊಬ್ಬರದೂ ಅಲ್ಲ, ಎಲ್ಲಾರದೂ ಅಂದ್ರಿ. ನಮ್ಮೆಲ್ಲರ ಪ್ರೀತಿ ದೊಡ್ಡದು ಅಂದ್ರಿ. ನನ್ನ ಬಾಜೂಕ ಕೂತಾಕಿ ಅಳ್ಳಿಕ್ಕತ್ತಿದ್ಲು.”

ಅವನು ಹತ್ತಿರ ಹೋಗಿ, ಏನೂ ಹೇಳದೆ, ಅವಳ ಕಿವಿಗಳಿಂದ ಆ ಎರಡು ಬೀಜಗಳನ್ನು ತೆಗೆದ. ಅವಳು ಬೆಚ್ಚಿದಳು. ಒಲೆಯ ಮೇಲಿನ ಹಂಚು, ನಲ್ಲಿಯ ನೀರು, ಹೊರಗಿನ ರಸ್ತೆ, ಎಲ್ಲದರ ಸದ್ದೂ ಒಮ್ಮೆಲೇ ಮೈಮೇಲೆ ಬಿದ್ದಂತೆ ಭುಜ ಕುಗ್ಗಿಸಿಕೊಂಡಳು.

“ಸುಮಾ, ಇವತ್ತ ಏನಾತು ಅಂತ ಹೇಳ್ತೀನಿ, ಕೇಳು.”

“ಯಾಕ ಹಿಂಗ ಒದರ್ತೀರಿ?”

“ಒದರಿಲ್ಲ. ನನ್ನ ದನೀನs ಇದು.”

ಅವನು ಎಲ್ಲವನ್ನೂ ಹೇಳಿದ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಅವಳು ಒಲೆ ಆರಿಸಿದಳು, ಅಷ್ಟೇ. ಮೊದಲು ನಂಬಲಿಲ್ಲ. ಆಮೇಲೆ ಸಿಟ್ಟಾದಳು, ಅವನ ಮೇಲೆ, ಅವನ ಸಂಗೀತದ ಮೇಲೆ, ತನಗಾಗಿ ಮಾಡಿದೆ ಎಂದು ಅವನು ಹೇಳಿಕೊಳ್ಳುತ್ತಿದ್ದುದರ ಮೇಲೆ. “ನಾ ನಿಮ್ಮನ್ನ ಕೇಳಿದ್ನೇನು? ನಿದ್ದಿ ಬಂದ್ರ ನಿದ್ದಿ ಮಾಡ್ತಿದ್ದೆ. ನಿಮ್ಮ ಭುಜದ ಮ್ಯಾಲೆ ಅಲ್ಲೇನು ಮಾಡ್ತಿದ್ದುದು?” ಎಂದಳು. ಅವನು ಬಾಯಿ ಮುಚ್ಚಿಕೊಂಡು ಕೇಳಿದ. ಆರು ತಿಂಗಳಲ್ಲಿ ಇದು ಅವರ ಮೊದಲ ಜಗಳ.

ಬಹಳ ಹೊತ್ತಿನ ಮೇಲೆ ಅವಳು ಕುರ್ಚಿಯಲ್ಲಿ ಕೂತಳು.

“ರೀ. ನಮ್ಮ ಅವ್ವ ಹೋದಾಗ.”

ಅವಳ ತಾಯಿ ತೀರಿಕೊಂಡು ಎರಡು ತಿಂಗಳಾಗಿತ್ತು.

“ಅವತ್ತ ಹಿತ್ತಲದಾಗ ನನ್ನ ಕೂಡ ಕೂತು ಹೇಳಿದ್ರೆಲಾ. ಅವ್ವನ ಕೈ ನನ್ನ ಕೈಯಾಗ ಅದ, ನಾ ದನದ ಮೈ ಸವರಿದಾಗೆಲ್ಲಾ ಆಕಿನ ಸವರಿದಂಗ ಅಂತ. ಆ ಮಾತ ಹಿಡಕೊಂಡs ನಾ ಮರುದಿನ ಕೆಲಸಕ್ಕ ಹೋದೆ. ಆ ಮಾತು...” ಅವಳು ಅವನ ಕಣ್ಣನ್ನೇ ನೋಡುತ್ತಿದ್ದಳು. “ಅದು ನೀವು ಹೇಳಿದ್ದು ಹೌದೋ ಅಲ್ಲೋ?”

ಹೌದು ಎಂದುಬಿಡಬಹುದಾಗಿತ್ತು. ಅವಳಿಗೆ ಎಂದಿಗೂ ತಿಳಿಯುತ್ತಿರಲಿಲ್ಲ. ಅವನ ನಾಲಿಗೆಯ ತುದಿಗೆ ಅದು ಬಂದೂ ಇತ್ತು.

“ಇಲ್ಲ ಸುಮಾ,” ಎಂದ. “ಅವತ್ತ ನನಗ ಮಾತs ಬರಲಿಲ್ಲ. ನಿನ್ನ ಹತ್ರ ಸುಮ್ಮನ ಕೂತಿದ್ದೆ.”

ಅವಳು ಹಿಟ್ಟು ಮೆತ್ತಿದ ತನ್ನ ಕೈಗಳನ್ನು ನೋಡಿಕೊಂಡಳು. ಅಳಲಿಲ್ಲ. ಆ ಮಧ್ಯಾಹ್ನ ಇಬ್ಬರೂ ಊಟ ಮಾಡಲಿಲ್ಲ.

*

ಪ್ರಹ್ಲಾದ ಸಂಸ್ಥೆಯನ್ನು ಬಿಟ್ಟ. ಕಂಡದ್ದನ್ನೆಲ್ಲ ಬರೆದು ಪತ್ರಿಕೆಗಳಿಗೆ ಕೊಟ್ಟ, ಅವು ಅಚ್ಚು ಹಾಕಿದವು. ಆದರೆ ಪತ್ರಿಕೆಯನ್ನು ಈಗ ಕಣ್ಣಿನಿಂದ ಓದುವವರು ಕಡಿಮೆ. ಬಹಳ ಜನ ಅದನ್ನು ಕಿವಿಯಿಂದಲೇ ಕೇಳುತ್ತಿದ್ದರು. ಸಹೃದಯವನ್ನು ಇಷ್ಟು ಮೆಚ್ಚಿ ಬರೆದದ್ದಕ್ಕಾಗಿ ಅವನಿಗೆ ಊರೂರುಗಳಿಂದ ಧನ್ಯವಾದದ ಪತ್ರಗಳು ಬಂದವು. ಸಭಾಭವನ ಪ್ರತಿವಾರ ತುಂಬುತ್ತಲೇ ಇತ್ತು. ನೀಲಾಂಬಿಕಾ ಅಲ್ಲಿ ಹಾಡುವುದನ್ನು ಬಿಟ್ಟಿದ್ದರು. ಪರದೆಯ ಹಿಂದೆ ಈಗ ಯಾರು ಕೂರುತ್ತಾರೆ, ಕೂರುತ್ತಾರೋ ಇಲ್ಲವೋ ಎಂಬುದನ್ನು ಯಾರೂ ವಿಚಾರಿಸಲು ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಅವರು ತಮ್ಮ ಮನೆಯ ಪಡಸಾಲೆಯಲ್ಲಿ ಹಾಡುತ್ತಿದ್ದರು. ಏಳು ಜನ ಬರುತ್ತಿದ್ದರು, ಬರಿಗಿವಿಯಲ್ಲಿ. ಅಂಗಡಿಯವರು ಎಲ್ಲರಿಗಿಂತ ಮೊದಲು ಬಂದು ಮುಂದೆ ಕೂರುತ್ತಿದ್ದರು. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ಆರೋಹಣ ಅವರೋಹಣವನ್ನು ಚೀಟಿಯಲ್ಲಿ ಬರೆದುಕೊಂಡು ಕಲಿಯತೊಡಗಿದ್ದರು. ಕೆಲವೊಮ್ಮೆ ಹಾಡಿನ ನಡುವೆ ಅವರ ಮುಖ, ಪರಿಚಿತ ಬೀದಿಯಲ್ಲಿ ದಾರಿ ತಪ್ಪಿದವರ ಮುಖದಂತಾಗುತ್ತಿತ್ತು. ಪ್ರಹ್ಲಾದ ಅತ್ತ ನೋಡದೆ ತಲೆ ತಗ್ಗಿಸುತ್ತಿದ್ದ.

ಆರನೆಯ ವಾರ ಸುಮಂಗಲಾ ಅವನೊಂದಿಗೆ ಬಂದಳು. ಮೂಲೆಯಲ್ಲಿ ಗೋಡೆಗೊರಗಿ ಕೂತಳು. ನೀಲಾಂಬಿಕಾ ಒಂದೇ ಸ್ವರದ ಸುತ್ತ ಅರ್ಧ ತಾಸು ಸುತ್ತಿದರು. ನಿಲ್ಲಿಸಿ ನೀರು ಕುಡಿಯುವಾಗ ಸುಮಂಗಲಾ ತಡೆಯಲಾರದೆ ಹೇಳಿಬಿಟ್ಟಳು: “ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನನಗ ಒಂದಕ್ಷರಾನೂ ತಿಳೀಲಿಲ್ಲ.”

“ನನಗೂ ಭಾಳ ವರ್ಷ ತಿಳಿದಿರ್ಲಿಲ್ಲವಾ,” ಎಂದರು ಅವರು. “ಅಪ್ಪನ ಮುಂದ ಕುಂತು ಆಕಳಿಸ್ತಿದ್ದೆ. ಒದಿಸ್ಕೊಂಡೀನಿ.”

ಎಲ್ಲರೂ ನಕ್ಕರು. ನಗು ತಣ್ಣಗಾದ ಮೇಲೆ ಸುಮಂಗಲಾ ಗಂಡನ ಕಡೆ ತಿರುಗಿ, ಇಷ್ಟು ದಿನ ಕೇಳದೆ ಉಳಿದಿದ್ದನ್ನು ಕೇಳಿದಳು.

“ಆ ಸಹೃದಯಕ್ಕ ಇದನ್ನೆಲ್ಲಾ ಕಲಿಸಿದವರು ಯಾರು? ಮನುಷ್ಯಾಗ ಎಷ್ಟೊತ್ತಿಗೆ ಬ್ಯಾಸರಾಗ್ತದ, ಏನ ಬೇಕಾಗ್ತದ ಅಂತ? ನೀವ?”



“ನಾ ಒಬ್ಬನs ಅಲ್ಲ. ಯಂತ್ರಕ್ಕ ಕಲಿಸಲಿಕ್ಕೆ ಮನುಷ್ಯರ ದಾಖಲೆ ಬೇಕಾಗಿತ್ತು, ಕೋಟಿಗಟ್ಟಲೆ. ಹಳೇವು ಸಿಕ್ಕವು. ಮೂವತ್ತು, ಮೂವತ್ತೈದು ವರ್ಷದ ಹಿಂದಿನವು. ಆಗ ಜನ ಫೋನಿನ್ಯಾಗ ಹಾಡು ಕೇಳ್ತಿದ್ರು, ಬಸ್ಸಿನ್ಯಾಗ, ಅಡಿಗಿಮನ್ಯಾಗ, ಕೆಲಸ ಮಾಡ್ಕೋತ. ಸ್ವಲ್ಪ ಬ್ಯಾಸರಾದ್ರ ಸಾಕು, ಬೆರಳಿಲೆ ಹಿಂಗ ಸರಿಸಿ ಮುಂದಿಂದಕ್ಕ ಹೋಗೂದು. ಯಾರು, ಯಾವ ಸ್ವರಕ್ಕ, ಎಷ್ಟನೇ ಸೆಕೆಂಡಿಗೆ ಸರಿಸಿದ್ರು ಅನ್ನೂದೆಲ್ಲಾ ಬರೆದಿಟ್ಟಿತ್ತು. ಹೆಚ್ಚಿನ ಮಂದಿ ಅರ್ಧ ನಿಮಿಷ ತಡೀತಿರಲಿಲ್ಲ.”

“ತಾವು ಪಾಠ ಹೇಳ್ಲಿಕ್ಕತ್ತೀವಿ ಅಂತ ಅವರಿಗೆ ಗೊತ್ತಿತ್ತೇನು?”

“ಇಲ್ಲ. ಹಾಡು ಕೇಳ್ತೀವಿ ಅಂತ ತಿಳಕೊಂಡಿದ್ರು.”

ನೀಲಾಂಬಿಕಾ ತಂಬೂರಿಯನ್ನು ಮತ್ತೆ ಮಡಿಲಿಗೆ ತೆಗೆದುಕೊಂಡು ಅದೇ ಸ್ವರವನ್ನು ಹಿಡಿದರು. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಸ್ವರ ಅಲ್ಲೇ ಇತ್ತು. ಸುಮಂಗಲೆಯ ಬಲಗೈಯ ತೋರುಬೆರಳು ಅವಳಿಗೆ ಅರಿವಿಲ್ಲದೆಯೇ ತೊಡೆಯ ಮೇಲೆ ಸರಿಯಿತು, ಯಾವುದನ್ನೋ ಪಕ್ಕಕ್ಕೆ ತಳ್ಳುವಂತೆ. ಅವಳು ಅದನ್ನು ನೋಡಿದಳು. ಎಡಗೈಯಿಂದ ಆ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡು ಹಾಗೆಯೇ ಕೂತಳು.